ಜಾಲಿಮುಳ್ಳು

ಸಿಂಗಪುರದ ಫ್ರೆಂಚ್ ಹೋಟೆಲಿನ ತಟ್ಟೆಯಲ್ಲಿ ಬೆಣ್ಣೆ ಸವರಿದ ಆರು ಬಸವನಹುಳು. ಜೊತೆಗೆ ಬಂದ ಸಹೋದ್ಯೋಗಿಗಳು ಪುಟ್ಟ ಫೋರ್ಕು ಹಿಡಿದು ಒದ್ದಾಡುತ್ತಿದ್ದರೆ, ಅರುಂಧತಿಯ ಕೈ ತಾನಾಗಿಯೇ ಚಿಪ್ಪಿನೊಳಗೆ ಚುಚ್ಚಿ, ತಿರುಗಿಸಿ, ಹುಳುವನ್ನು ಇಡಿಯಾಗಿ ಹೊರತೆಗೆಯಿತು.

“ಎಳೀಬ್ಯಾಡ ಕಣವ್ವ, ತಿರುಗ್ಸು” ಎಂದು ಜಾಲಿಮುಳ್ಳು ಕೊಟ್ಟು ಕಲಿಸಿದ್ದವಳು ಬೆಸಗರಹಳ್ಳಿಯ ಅಜ್ಜಿ ಶಿವನಂಜಮ್ಮ. ಗದ್ದೆಯಿಂದ ಹುಳು ಆಯ್ದು ತಂದು ಬೇಯಿಸುತ್ತಿದ್ದಳು. ಒಮ್ಮೆ ಮನೆಗೆ ಬಂದ ಶಾಲೆಯ ಗೆಳತಿಯರು ಮೂಗು ಮುಚ್ಚಿಕೊಂಡಾಗ, “ನಾನು ಇವ್ನೆಲ್ಲ ತಿನ್ನಕಿಲ್ಲ ಕಣ್ರೇ” ಎಂದುಬಿಟ್ಟಿದ್ದಳು ಅರುಂಧತಿ. ಅಜ್ಜಿ ಹುಳುವಿನ ಮಡಕೆಯನ್ನು ಸೆರಗಿನಿಂದ ಮುಚ್ಚಿದಳು. ಈಗ ಅವಳು ಸತ್ತು ಹನ್ನೆರಡು ವರ್ಷ.

“ಎಷ್ಟು ಸಲೀಸು! ಎಲ್ಲಿ ಕಲಿತಿರಿ?” ಮ್ಯಾನೇಜರ್ ಬೆರಗಾದ.

“ಯೂಟ್ಯೂಬಿನಲ್ಲಿ ಸರ್,” ಎಂದಳು ಅರುಂಧತಿ.

ಎದುರಿನ ಖಾಲಿ ಕುರ್ಚಿಯಿಂದ ಮಾಸಿದ ಸೆರಗೊಂದು ಚಾಚಿ ಬಂದು, ಮೆಲ್ಲಗೆ ಅವಳ ತಟ್ಟೆಯನ್ನು ಮುಚ್ಚಿತು.