ಟೀಚರಮ್ಮನ ಪ್ರಾರ್ಥನಾಪಟ್ಟಿ

ಹನ್ನೊಂದನೆಯ ಚೀಟಿಯನ್ನೂ ಟೀಚರಮ್ಮ ನಾಲ್ಕು ಚೂರು ಮಾಡಿ ಬುಟ್ಟಿಗೆ ಎಸೆದಳು.

‘ಮಗಳಿಗೆ ಸ್ವಂತ ಮನೆಯಿರುವ ಗಂಡು ಸಿಗಲಿ.’ ಚೂರು. ‘ಸ್ಕೂಟರ್ ಮಾರಿ ಕಾರು ಕೊಳ್ಳುವಂತಾಗಲಿ.’ ಚೂರು. ‘ಬಡ್ತಿಯಲ್ಲಿ ನನ್ನ ಹೆಸರು ಮೊದಲು ಬರಲಿ.’ ಇದು ಚರ್ಚಿನ ಖಜಾಂಚಿಯದು. ಆ ಕಾಗೆ ಕಾಲಿನ ಅಕ್ಷರ ಅವಳಿಗೆ ಗೊತ್ತು. ಅದನ್ನು ಎಂಟು ಚೂರು ಮಾಡಿದಳು.

ಚರ್ಚಿನ ಬಾಗಿಲ ಬಳಿ ಒಂದು ಪೆಟ್ಟಿಗೆಯಿತ್ತು. ಕೋರಿಕೆ ಬರೆದು, ಹೆಸರು ಹಾಕದೆ, ಯಾರು ಬೇಕಾದರೂ ಅದರೊಳಗೆ ಹಾಕಬಹುದು. ಶನಿವಾರ ಪೆಟ್ಟಿಗೆ ತೆಗೆದು ಎಲ್ಲವನ್ನೂ ಟೈಪು ಮಾಡಿ ಪಾಸ್ಟರಿಗೆ ಕೊಡುವುದು ನಿವೃತ್ತ ಹೆಡ್‌ಮಿಸ್ಟ್ರೆಸ್ ಆದ ಟೀಚರಮ್ಮನ ಕೆಲಸ. ‘ಎಲ್ಲವನ್ನೂ’ ಎಂಬುದನ್ನು ಅವಳು ಮೊದಲ ತಿಂಗಳಲ್ಲೇ ಕೈಬಿಟ್ಟಿದ್ದಳು. ದೇವರೇನು ಕಿರಾಣಿ ಅಂಗಡಿ ಇಟ್ಟಿದ್ದಾನೆಯೇ? ಬೇಡಬೇಕಾದದ್ದು ಒಂದೇ, ಜ್ಞಾನ. ಉಳಿದದ್ದೆಲ್ಲ ಹೊಟ್ಟೆಬಾಕತನ.

ಅವಳ ಮನೆಯಲ್ಲಿ ಆ ರೋಗ ಇರಲಿಲ್ಲ. ಕಣ್ಣು ಮಂಜಾದ ಮೇಲೆ ಗಂಡ ಒಂದು ರೇಡಿಯೋ ಕೇಳಿದ್ದ. ಲೋಕದ ಗದ್ದಲ ಎಂದು ಅವಳು ಕೊಡಿಸಲಿಲ್ಲ. ಟೀಗೆ ಎರಡು ಚಮಚ ಸಕ್ಕರೆ ಎಂದ. ನಾಲಗೆಯ ಚಪಲ ಎಂದಳು. ಈಗ ಅವನು ಏನನ್ನೂ ಕೇಳುವುದಿಲ್ಲ. ಸಂಜೆ ಗೋಡೆ ಹಿಡಿದು ಬೀದಿಯ ತುದಿಯವರೆಗೆ ಹೋಗಿ ಬರುತ್ತಾನೆ, ಅವಳು ಓದುವ ಬೈಬಲ್ ಪ್ರಸಂಗ ಕೇಳಿಸಿಕೊಳ್ಳುತ್ತಾನೆ, ಮಲಗುತ್ತಾನೆ. ಆಸೆಯನ್ನು ಬೇರುಸಹಿತ ಕಿತ್ತರೆ ಮನುಷ್ಯ ಎಷ್ಟು ಶಾಂತನಾಗುತ್ತಾನೆ ನೋಡಿ ಎಂದು ಮಹಿಳಾ ಕೂಟದಲ್ಲಿ ಅವಳು ಅವನ ಉದಾಹರಣೆ ಕೊಡುತ್ತಿದ್ದಳು.

ಚೀಟಿಗಳ ರಾಶಿಯಲ್ಲಿ ಒಂದನ್ನು ಮಾತ್ರ ಅವಳು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ವಾರ ತಪ್ಪದೆ ಅದೇ ದುಂಡನೆಯ ಅಕ್ಷರ:

‘ಕರ್ತನೇ, ಈ ಮನೆ ಬಿಟ್ಟು ಓಡಿಹೋಗುವ ಆಸೆಯನ್ನು ನನ್ನಿಂದ ಕಿತ್ತುಹಾಕು. ಅವಳ ಕೈಕೆಳಗೆ ಬಾಳುವ ಜ್ಞಾನ ಕೊಡು.’

ಇಡೀ ಸಭೆಯಲ್ಲಿ ಬೇಡಲು ಬಲ್ಲ ಜೀವ ಇದೊಂದೇ! ಪ್ರತಿ ಭಾನುವಾರ ಪಾಸ್ಟರ್ ಅದನ್ನು ಮೊದಲು ಓದುವಂತೆ ಅವಳು ಮಾಡಿದಳು. ಹೆಂಗಸರು ನಿಟ್ಟುಸಿರು ಬಿಟ್ಟರು. ‘ಯಾವ ರಾಕ್ಷಸಿಯೋ!’ ಎಂದು ಪಿಸುಗುಟ್ಟಿದರು. ಎಲ್ಲರಿಗಿಂತ ಜೋರಾಗಿ ಪಿಸುಗುಟ್ಟಿದವಳು ಟೀಚರಮ್ಮ.

ಬರೆದವರು ಯಾರೆಂದು ತಿಳಿಯದೆ ಅವಳಿಗೆ ನಿದ್ದೆ ಬರಲಿಲ್ಲ. ಒಂದು ಶುಕ್ರವಾರ ಚರ್ಚಿನ ಕಂಬದ ಹಿಂದೆ ನಿಂತಳು. ಐದೂವರೆಗೆ ಬಂದು ಆ ದುಂಡನೆಯ ಅಕ್ಷರದ ಚೀಟಿ ಹಾಕಿದವಳನ್ನು ನೋಡಿ ಅವಳ ಮುಖ ಹುಳ್ಳಗಾಯಿತು. ಬೀದಿ ಕೊನೆಯ ಸಲೂನಿನವಳು! ತುಟಿಗೆ ಬಣ್ಣ, ಕೂದಲಿಗೆ ಬಣ್ಣ. ಅಪ್ಪ ಸತ್ತ ಮೇಲೆ ಅವನ ಕತ್ತರಿ ಹಿಡಿದು ಗಂಡಸರ ಕೆನ್ನೆ ನೀವಿ ಬದುಕುವವಳು.

“ಇದು ನಿಂದಾ?” ಟೀಚರಮ್ಮ ಹಾರಿ ಬಿದ್ದಳು.

“ಅಕ್ಷರ ನಂದು ಟೀಚರ್, ಮಾತು ನಂದಲ್ಲ. ಅವರಿಗೆ ಬರೆಯೋಕಾಗಲ್ಲ, ಅದಕ್ಕೆ ಬರ್ಕೊಡ್ತೀನಿ.”

“ಅದೇ ಅಂದ್ಕೊಂಡೆ. ನಿನ್ನ ಬಾಯಲ್ಲಿ ಇಂಥಾ ಮಾತು ಎಲ್ಲಿಂದ ಬರುತ್ತೆ! ಯಾರು ಅವರು?”

“ಹೇಳಬೇಡ ಅಂದಿದಾರೆ.”

“ಆ ಪಿಶಾಚಿ ಯಾರು ಅಂತಾದ್ರೂ ಹೇಳು. ನಾನೇ ಹೋಗಿ ಬುದ್ಧಿ ಕಲಿಸ್ತೀನಿ.”

“ಪಿಶಾಚಿ ಅಂತ ಅವರು ಯಾವತ್ತೂ ಅಂದಿಲ್ಲ ಟೀಚರ್. ಅವಳು ಕೆಟ್ಟವಳಲ್ಲ ಅಂತಾನೇ ಹೇಳ್ತಾರೆ.”

ಬರೆಯಲು ಬಾರದವರು, ಸಲೂನಿನ ಹತ್ತಿರದವರು. ಇನ್ನೇನು ಬೇಕು? ಸಲೂನಿನ ಪಕ್ಕದ ಮನೆ ದರ್ಜಿಯದು. ಅವನ ಮುದಿ ತಾಯಿಗೆ ಓದುಬರಹವಿಲ್ಲ. ಸೊಸೆ ಮಾತಿನಲ್ಲಿ ಚುರುಕು. ಟೀಚರಮ್ಮ ನೇರವಾಗಿ ಅಲ್ಲಿಗೇ ನುಗ್ಗಿ, ನೆರೆಹೊರೆಯೆಲ್ಲ ಹೊಸ್ತಿಲಿಗೆ ಬರುವಂತೆ ಸೊಸೆಯ ನೀರಿಳಿಸಿದಳು. ಹುಡುಗಿ ಕೈಯಲ್ಲಿದ್ದ ಸೌಟು ಕೆಳಗಿಡುವುದನ್ನೂ ಮರೆತು ನಿಂತಿದ್ದಳು.

“ನಾನ್ಯಾವ ಚೀಟೀನೂ ಬರೆಸಿಲ್ಲ ತಾಯಿ! ನನ್ನ ಸೊಸೆ ಬಂಗಾರದಂಥವಳು,” ಎಂದು ಮುದುಕಿ ಅತ್ತಳು.

‘ಹೆದರಿಕೆ! ಎಷ್ಟು ಹೆದರಿಸಿಟ್ಟಿದ್ದಾಳೆ!’ ಎಂದುಕೊಂಡಳು ಟೀಚರಮ್ಮ. ಮರುದಿನ ಸೊಸೆ ಮಗುವನ್ನೆತ್ತಿಕೊಂಡು ತವರಿಗೆ ಹೊರಟುಹೋದಳು. ಪಾಪ ಮನೆಯಿಂದ ತೊಲಗಿತು ಎಂದು ಟೀಚರಮ್ಮ ಮೊಣಕಾಲೂರಿ ಸ್ತೋತ್ರ ಹೇಳಿದಳು.

ಆದರೆ ಆ ಶನಿವಾರ ಪೆಟ್ಟಿಗೆಯಲ್ಲಿ ಅದೇ ಚೀಟಿ. ಅದು ಸೊಸೆ ಹೋಗುವ ಮೊದಲೇ ಹಾಕಿದ್ದು ಎಂದು ಸಮಾಧಾನ ಮಾಡಿಕೊಂಡಳು. ಮುಂದಿನ ಶನಿವಾರವೂ ಬಂತು. ಸೊಸೆಯೇ ಇಲ್ಲದ ಮನೆಯಲ್ಲಿ ಮುದುಕಿ ಯಾರ ಕೈಕೆಳಗೆ ಬಾಳುತ್ತಿದ್ದಾಳೆ? ಟೀಚರಮ್ಮನಿಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. ಆ ಬಣ್ಣದ ತುಟಿಯವಳು ತನ್ನನ್ನು ಆಟ ಆಡಿಸುತ್ತಿದ್ದಾಳೆ.

ಅದಾದ ಶುಕ್ರವಾರ ಐದು ಗಂಟೆಗೆ ಅವಳು ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಸಲೂನಿನ ಮೆಟ್ಟಿಲು ಹತ್ತಿದಳು. ಮುಂದಿನ ಕುರ್ಚಿಗಳು ಖಾಲಿ. ಒಳಕೋಣೆಯ ಪರದೆ ಎಳೆದಿತ್ತು. ಪರದೆಯ ಆಚೆ ಪೆನ್ನು ಗೀಚುವ ಸದ್ದು.

“‘ಬಾಳುವ ಜ್ಞಾನ ಕೊಡು.’ ಬರ್ದೆ ಅಂಕಲ್,” ಎಂದಳು ಸಲೂನಿನವಳು. “ಆ ದರ್ಜಿ ಸೊಸೆ ವಿಷಯ ನಿಮಗೆ ಗೊತ್ತಾ?”

“ಗೊತ್ತಾಯ್ತಮ್ಮ. ದರ್ಜಿ ಮನೆಗೆ ಹೋಗಿ ಕೈಮುಗಿದು ಬಂದೆ. ಈ ಸಲ ಒಂದು ಮಾತು ಹೆಚ್ಚಿಗೆ ಬರ್ಕೋ. ನನಗೆ ಕೊಟ್ಟಿದ್ದು ಸಾಕು ಕರ್ತನೇ, ಇನ್ನು ಸ್ವಲ್ಪ ಅವಳಿಗೂ ಕೊಡು.”

ಮೂವತ್ತೆರಡು ವರ್ಷಗಳ ಹಿಂದೆ ಟೀಚರಮ್ಮನ ಬೆರಳಿಗೆ ಉಂಗುರ ತೊಡಿಸಿ, ‘ಮರಣ ನಮ್ಮನ್ನು ಅಗಲಿಸುವವರೆಗೆ’ ಎಂದದ್ದು ಇದೇ ದನಿ.