ಮಧ್ಯದ ಸಾಲು

ಜೋಡಿಯಿಲ್ಲದೆ ಸಾಲಾಗಿ ನಿಂತು ಕುಣಿಯುವ ಲೈನ್ ಡ್ಯಾನ್ಸನ್ನು ಇಡೀ ಭೂಮಂಡಲಕ್ಕೆ ಕೊಟ್ಟವನು ಟೆಕ್ಸಾಸಿನ ವರ್ಲನ್ ಟ್ಯಾಕೆಟ್. ಅದೂ ಕೆಂಜಿರುವೆ ಗೂಡಿನ ಮೇಲೆ ಕಾಲಿಟ್ಟು. ಅವನು ಬೂಟು ಕೊಡವಿದ್ದನ್ನು ಕಂಡು ಹಿಂದಿದ್ದ ನಾನೂರು ದನಗಾಹಿಗಳು ಹೊಸ ಹೆಜ್ಜೆಯೆಂದು ತಿಳಿದು ಸಾಲಾಗಿ ಕೊಡವಿದರಂತೆ. ಅವರ ಹಿಂದೆ ದನಗಳೂ.

ಪ್ರತಿ ಗುರುವಾರದಂತೆ ಆ ಮಧ್ಯಾಹ್ನವೂ ಕುಣಿತದ ಹಾಲ್‌ನ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ವರ್ಲನ್ ಈ ಕಥೆ ಹೇಳಿದ. ಕೇಳಿದವಳು ಹೊಸಬಳು, ಒಲೀಟಾ ಪ್ರೂವಿಟ್. ನಲವತ್ತು ವರ್ಷ ಗಂಡನ ಕೈಹಿಡಿದು ಕುಣಿದವಳು, ಅವನು ತೀರಿಕೊಂಡ ಮೇಲೆ ಒಂದು ಹೆಜ್ಜೆಯನ್ನೂ ಹಾಕಿರಲಿಲ್ಲ. ಇಲ್ಲಿ ಜೋಡಿ ಬೇಡವಂತೆ ಎಂದು ಕೇಳಿ ಬಂದಿದ್ದಳು.

ಯಾರ ಕಣ್ಣಿಗೂ ಬೀಳಬಾರದೆಂದು ಅವಳು ಕೊನೆಯ ಸಾಲು ಹಿಡಿದಳು. ಹಾಡು ಶುರುವಾಗಿ ಹದಿನಾರು ಎಣಿಕೆಯ ಹೆಜ್ಜೆ ಮುಗಿದದ್ದೇ ಎಲ್ಲರೂ ಗಿರಕ್ಕನೆ ಹಿಂದಕ್ಕೆ ತಿರುಗಿದರು. ಕೊನೆಯ ಸಾಲೇ ಮೊದಲ ಸಾಲಾಯಿತು! ನೋಡಿಕೊಂಡು ಕುಣಿಯಲು ಎದುರಿಗೆ ಗೋಡೆ ಬಿಟ್ಟರೆ ಏನೂ ಇಲ್ಲ. ಒಲೀಟಾ ಕಂಬದಂತೆ ನಿಂತಳು. ಆಮೇಲೆ ನೆಟ್ಟಗೆ ಬಾಗಿಲಿಗೆ ನಡೆದಳು.

“ಹೊರಟೇಬಿಟ್ರಾ?” ಎಂದ ವರ್ಲನ್.

“ಒಬ್ಬಳೇ ನನ್ನ ಕೈಲಾಗಲ್ಲಪ್ಪ. ಇನ್ನು ಈ ಕಡೆ ತಲೆ ಹಾಕಲ್ಲ.” ಬಾಗಿಲಿಗೆ ಕೈ ಇಟ್ಟವಳು ತಿರುಗಿದಳು. “ಅಲ್ಲ, ಕಂಡುಹಿಡಿದೋರು ನೀವೇ ತಾನೇ? ನನ್ನ ಮುಂದೆ ನಿಂತ್ಕೊಳ್ಳಿ. ನಿಮ್ಮ ಕಾಲು ನೋಡ್ಕೊಂಡು ಹೆಜ್ಜೆ ಹಾಕ್ತೀನಿ.”

“ನನ್ನ ಮಂಡಿ ಸ್ವಲ್ಪ...”

“ನಾನೂರು ಜನಾನ ಕುಣಿಸಿದ ಮಂಡಿ ಅದು!” ಕುಣಿತ ಕಲಿಸುವ ಜೊನೆಲ್ ಹಾಲ್‌ನ ಆ ತುದಿಯಿಂದಲೇ ಕೂಗಿದಳು. “ಏಳಪ್ಪಾ ಪುಣ್ಯಾತ್ಮ!”

ವರ್ಲನ್ ಎದ್ದು ಬಂದು ಕೊನೆಯ ಸಾಲಿನಲ್ಲಿ ಒಲೀಟಾಳ ಮುಂದೆ ನಿಂತ. ಎಲ್ಲರೂ ಬಲಕ್ಕೆ ಹೋದಾಗ ಎಡಕ್ಕೆ ಹೋದ. ಎಲ್ಲರೂ ತಿರುಗಿದಾಗ ನಿಂತ. ಎಲ್ಲರೂ ನಿಂತಾಗ ತಿರುಗಿದ. ಮೂರನೇ ಸುತ್ತಿಗೆ ಅವನ ಟೋಪಿಯ ಅಂಚು ಒಲೀಟಾಳ ಹಣೆಗೆ ಬಡಿಯಿತು. ಅವಳಿಗೆ ನಗು ತಡೆಯಲಾಗಲಿಲ್ಲ.

ಜೊನೆಲ್ ಹಾಡು ನಿಲ್ಲಿಸಿದಳು. “ಹೊಸಬರು ಅಂಚಿನಲ್ಲಿ ನಿಲ್ಲಬಾರದು. ಒಲೀಟಾ, ಮಧ್ಯದ ಸಾಲಿಗೆ ಬನ್ನಿ. ಅಲ್ಲಿದ್ರೆ ಎತ್ತ ತಿರುಗಿದ್ರೂ ಕಣ್ಣೆದುರು ಯಾರಾದ್ರೂ ಇರ್ತಾರೆ.”

ಒಲೀಟಾ ಮಧ್ಯಕ್ಕೆ ನಡೆದಳು. ವರ್ಲನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ನನಗೂ ಅಲ್ಲೇ ಒಂದಿಷ್ಟು ಜಾಗ ಮಾಡ್ಕೊಡಿ,” ಎಂದು ಒಲೀಟಾಳಿಗೆ ಮೆಲ್ಲಗೆ ಹೇಳಿದ. “ನನ್ನವಳು ಇದ್ದಾಗ ಹದಿನೆಂಟು ವರ್ಷ ಇಲ್ಲಿ ಕುಣಿದಿದ್ದು ಅವಳು. ನಾನು ಅವಳ ಕೈಚೀಲ ಹಿಡ್ಕೊಂಡು ಕೂತಿರ್ತಿದ್ದೆ, ಅಷ್ಟೇ.”