ಶಿಸ್ತಿನ ಹುಳು

ಅಕ್ಕ ಗುಲಾಬಿ ಕುಂಡವನ್ನು ಮಗುವಿನಂತೆ ಸೊಂಟದ ಮೇಲೆ ಕೂರಿಸಿಕೊಂಡು ಬಂದವಳು, ಅದನ್ನು ಕೆಳಗಿಡಲೇ ಇಲ್ಲ. “ಮೊದಲು ನಿನ್ನ ಮನೆ ನೋಡ್ತೀನಿ. ಆಮೇಲೆ ಇದನ್ನ ಕೊಡೋದೋ ಬೇಡ್ವೋ ಹೇಳ್ತೀನಿ” ಎಂದಳು.

ಅದು ಅಮ್ಮ ನೆಟ್ಟ ಗಿಡ. ಅಮ್ಮ ಹೋದ ಮೇಲೆ ಅಕ್ಕನ ಬಾಲ್ಕನಿಯಲ್ಲಿತ್ತು. ಈಗ ಅಕ್ಕ ಬಿಸಿಲು ಇಣುಕದ ಮನೆಗೆ ಹೋಗುತ್ತಿದ್ದಾಳೆ. ಅಮ್ಮನದೆಂದು ಹೇಳಿಕೊಳ್ಳಲು ತಂಗಿಯ ಬಳಿ ಒಂದು ಚಮಚವೂ ಇಲ್ಲ. ಈ ಗಿಡ ಅವಳಿಗೆ ಬೇಕೇ ಬೇಕು. ಆದರೆ ಅವಳ ಕೈಗುಣ ನೆಂಟರಿಗೆಲ್ಲ ಗೊತ್ತು. ಬಿಸಿಲಿಗೂ ಜಗ್ಗದ ಕಳ್ಳಿಗಿಡ ಕೂಡ ಅವಳ ಕೈಯಲ್ಲಿ ಕಣ್ಣು ಮುಚ್ಚಿತ್ತು. ಅಕ್ಕನೋ, ಪೊರಕೆ ಕಡ್ಡಿ ನೆಟ್ಟರೂ ಚಿಗುರಿಸುತ್ತಾಳೆ ಎಂದು ಹೆಸರಾದವಳು.

ಅದಕ್ಕೇ ತಂಗಿ, ಅವಳ ಗಂಡ ಇಬ್ಬರೂ ಸೇರಿ ಮನೆಗೆ ಹೊಸ ಕಳೆ ತಂದಿದ್ದರು. ಗೋಡೆಗೆ ತಿಳಿಹಳದಿ ಬಣ್ಣ, ಕಿಟಕಿಗೆ ಹೊಸ ಪರದೆ, ಮೂಲೆಮೂಲೆಯಲ್ಲೂ ಹಸಿರೋ ಹಸಿರು. ಗಿಡಗಳೆಲ್ಲ ಒಂದೇ ಅಚ್ಚಿನ ಪ್ಲಾಸ್ಟಿಕ್. ಕುಂಡಗಳ ಮೇಲೆ ನಿಜವಾದ ಮಣ್ಣು ಹರಡಿ, ಎಲೆಗಳಿಗೆ ನೀರು ಚಿಮುಕಿಸುವ ಉಪಾಯ ಮಾತ್ರ ಗಂಡನದು.

“ಪರವಾಗಿಲ್ವೇ, ಚೆನ್ನಾಗಿ ಸಾಕಿದೀಯ” ಎಂದಳು ಅಕ್ಕ.

ತಂಗಿ ಉಬ್ಬಿಹೋದಳು. “ಬೆಳಗಾಗೆದ್ದು ಇವಕ್ಕೆ ನೀರು ಹಾಕದೆ ನಂಗೆ ಕಾಫಿ ಗಂಟಲಲ್ಲಿ ಇಳಿಯಲ್ಲ ಅಕ್ಕಾ.”

ಅಕ್ಕ ಸೋಫಾ ಪಕ್ಕದ ಗಿಡದ ಮುಂದೆ ಬಗ್ಗಿದಳು. “ಹುಳ ತಿಂದಿದೆ ನೋಡೇ, ಈ ಎಲೇಲಿ.”

“ನಿಜವಾದ ಗಿಡ ಅಂದ್ಮೇಲೆ ಹುಳ ಬರದೇ ಇರುತ್ತಾ ಅಕ್ಕಾ?” ಎಂದು ಗಂಡ ನಡುವೆ ಬಾಯಿ ಹಾಕಿದ. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ಹೆಗಲು ಮುಟ್ಟಿಕೊಳ್ಳುವ ಪೈಕಿ ಅವನು.

ಅಕ್ಕ ಟಿವಿ ಪಕ್ಕದ ಗಿಡ ನೋಡಿದಳು. ಅಲ್ಲೂ ಅದೇ ಎಲೆ, ಅದೇ ತುದಿ, ಅದೇ ತೂತು. ಕಿಟಕಿಯ ಹತ್ತಿರದ ಗಿಡದಲ್ಲೂ ಹಾಗೇ. ಗಂಡನದು ಕನ್ನಡಕದ ಅಂಗಡಿ. ಹೋದ ವಾರವಷ್ಟೇ ಅಕ್ಕನಿಗೆ ಹೊಸ ಕನ್ನಡಕ ಹಾಕಿಕೊಟ್ಟಿದ್ದ. ಇಷ್ಟು ಒಳ್ಳೆಯ ಗಾಜು ಹಾಕಬಾರದಿತ್ತು ಎಂದು ಈಗ ಕೈಕೈ ಹಿಸುಕಿಕೊಂಡ.

“ಭಾರೀ ಶಿಸ್ತಿನ ಹುಳ ಕಣೇ ನಿಮ್ಮನೇದು” ಎಂದಳು ಅಕ್ಕ. “ಯಾವ ಗಿಡಕ್ಕೆ ಹೋದ್ರೂ ಮೂರನೇ ಎಲೇನೇ ತಿನ್ನುತ್ತೆ.”

ತಂಗಿಗೆ ಇನ್ನು ತಡೆಯಲಾಗಲಿಲ್ಲ. “ಪ್ಲಾಸ್ಟಿಕ್ಕು ಅಕ್ಕಾ. ಎಲ್ಲಾ ಪ್ಲಾಸ್ಟಿಕ್ಕು. ನನ್ನ ಕೈಗೆ ನೀನು ಕೊಡಲ್ಲ ಅಂತ ಹೀಗೆ ಮಾಡ್ದೆ. ಅಮ್ಮಂದು ಅಂತ ನನ್ನ ಹತ್ರ ಏನಿದೆ ಹೇಳು?” ಎಂದವಳೇ ಹೊಸ ಪರದೆಯಲ್ಲೇ ಮೂಗು ಒರೆಸಿಕೊಂಡಳು.

ಅಕ್ಕ ಆಗ ಕುಂಡವನ್ನು ಟೀಪಾಯಿಯ ಮೇಲಿಟ್ಟಳು.

“ಹುಚ್ಚಿ, ಅಳಬೇಡ. ಅಮ್ಮ ನೆಟ್ಟಿದ್ದು ಅಮ್ಮ ತೀರಿಕೊಂಡ ವರ್ಷವೇ ಒಣಗಿಹೋಯ್ತು. ನೀನು ಬಂದಾಗೆಲ್ಲ ಗಿಡ ಹೇಗಿದೆ ಅಂತ ಕೇಳ್ತಿದ್ಯಲ್ಲ, ಏನು ಹೇಳ್ಲಿ? ನರ್ಸರಿಯಿಂದ ಅದೇ ಬಣ್ಣದ್ದು ತಂದಿಟ್ಟೆ. ಅದೂ ಹೋಯ್ತು. ಇನ್ನೊಂದು ತಂದೆ. ಇದು ಎಷ್ಟನೇದೋ ನಂಗೂ ನೆನಪಿಲ್ಲ.”

ತಂಗಿಯ ಅಳು ಅರ್ಧಕ್ಕೇ ನಿಂತಿತು. “ಮತ್ತೆ ಪೊರಕೆ ಕಡ್ಡಿ ಚಿಗುರಿಸೋ ಕೈಗುಣ?”

“ಅದು ನರ್ಸರಿಯವನದು.”

ಇಬ್ಬರೂ ಮುಖ ಮುಖ ನೋಡಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೀರು ಯಾವುದಕ್ಕೆ ಬಂತೆಂದು ಇಬ್ಬರಿಗೂ ತಿಳಿಯಲಿಲ್ಲ. ಗಂಡ ಮನಸ್ಸು ಹಗುರಾಗಿ, ಗುಲಾಬಿಯನ್ನು ಕಿಟಕಿಯ ಬಿಸಿಲಿಗಿಡೋಣವೆಂದು ಒಂದೇ ಕೈಯಲ್ಲಿ ಎತ್ತಲು ಹೋದ.

ಅಕ್ಕ ಅವನ ಕೈಯನ್ನು ತಟ್ಟನೆ ಹಿಡಿದಳು. “ಮೆಲ್ಲಗೆ! ಗಿಡ ಸತ್ರೆ ಸಾಯ್ಲಿ, ನರ್ಸರಿ ನಾನು ತೋರಿಸ್ತೀನಿ. ಕುಂಡ ಮಾತ್ರ ಅಮ್ಮಂದೇ.”